ಸ್ಕ್ರೂಡ್ರೈವರ್ ಹೋಯಿತು, ಸ್ಕ್ಯಾನರ್ ಬಂತು

ಪಡುಬಿದ್ರಿ ದಾಟಿ ಕಾಪುವಿನ ಕಡೆಗೆ ಹೊರಟರೆ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಸಿಗುವ ಊರು ಉಚ್ಚಿಲ. ಮಹಾಲಕ್ಷ್ಮೀ ದೇವಸ್ಥಾನದಿಂದ ಹೆಸರಾದ ಊರಿದು. ಹೆದ್ದಾರಿಯಿಂದ ಪಡುವಣಕ್ಕೆ ಇಳಿದರೆ ಕಡಲು. ಹೀಗಾಗಿ ಇಲ್ಲಿಯ ಬೈಕುಗಳು ವರ್ಷವಿಡೀ ಉಪ್ಪುಗಾಳಿ ಕುಡಿಯುತ್ತವೆ, ಜೂನ್‌ನಿಂದ ಸೆಪ್ಟೆಂಬರ್ ತನಕ ಮಳೆಯನ್ನೂ. "ಪಿಕಪ್ಪೇ ಇಲ್ಲ ಮಾರಾಯ್ರೆ" ಎಂಬ ದೂರಿಗೆ ಈ ಕರಾವಳಿಯ ಗ್ಯಾರೇಜುಗಳಲ್ಲಿ ಹಿಂದೆ ಸಿಗುತ್ತಿದ್ದ ಮದ್ದು ಒಂದೇ: ಕಾರ್ಬೊರೇಟರಿನ ಏರ್ ಸ್ಕ್ರೂವನ್ನು ಪೂರ್ತಿ ಬಿಗಿದು, ಒಂದೂವರೆಯೋ ಎರಡೋ ಸುತ್ತು ಸಡಿಲಿಸಿ, ಎಂಜಿನ್ನಿನ ಸದ್ದಿಗೆ ಕಿವಿಗೊಡುವುದು. ಈಗ ಬರುವ ಹೆಚ್ಚಿನ ಬೈಕುಗಳಲ್ಲಿ ಆ ಸ್ಕ್ರೂವೂ ಇಲ್ಲ, ಕಾರ್ಬೊರೇಟರೂ ಇಲ್ಲ. ಆ ಜಾಗಕ್ಕೆ ಬಂದಿರುವುದು ಕಂಪ್ಯೂಟರ್ ಹೇಳಿದಷ್ಟೇ ಪೆಟ್ರೋಲ್ ಚಿಮ್ಮಿಸುವ ಫ್ಯೂಯಲ್ ಇಂಜೆಕ್ಷನ್.

ಈ ಬದಲಾವಣೆ ರಾತ್ರೋರಾತ್ರಿ ಆದದ್ದಲ್ಲ. ಹೀರೋ ಹೋಂಡಾ 2006ರಲ್ಲೇ ಗ್ಲಾಮರ್ ಬೈಕಿಗೆ ಫ್ಯೂಯಲ್ ಇಂಜೆಕ್ಷನ್ ಅಳವಡಿಸಿತ್ತು. ಮರುವರ್ಷ ಬಜಾಜ್ ಪಲ್ಸರ್ 220 ಇಂಜೆಕ್ಷನ್ ಹೊತ್ತು ಬಂತು. ತಮಾಷೆಯೆಂದರೆ, 2009ರಲ್ಲಿ ಅದೇ ಪಲ್ಸರ್ ಕಾರ್ಬೊರೇಟರಿಗೆ ಮರಳಿತು, ಮರಳಿದ ಮೇಲೂ ಚೆನ್ನಾಗಿಯೇ ಮಾರಾಟವಾಯಿತು. ಕೊನೆಗೆ ಹಳೆಯದನ್ನು ಮೂಲೆಗೆ ತಳ್ಳಿದ್ದು 2020ರ ಏಪ್ರಿಲ್ 1ರಂದು ಜಾರಿಯಾದ ಬಿಎಸ್-6 ಹೊಗೆ ನಿಯಮ. ಅಷ್ಟು ಬಿಗಿಯಾದ ಲೆಕ್ಕಕ್ಕೆ ಕಾರ್ಬೊರೇಟರ್ ಒಗ್ಗುವುದು ಕಷ್ಟ.

ಲೆಕ್ಕ ಎಂದರೆ ಗಾಳಿ ಮತ್ತು ಪೆಟ್ರೋಲಿನ ತೂಕದ ಲೆಕ್ಕ. ಒಂದು ಕಿಲೋ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಕಿಲೋ ಗಾಳಿ ಬೇಕು. ಇಂಜೆಕ್ಷನ್ ಬೈಕಿನ ಇಸಿಯು ಎಂಬ ಪುಟ್ಟ ಕಂಪ್ಯೂಟರಿನೊಳಗೆ ಒಂದು ಕೋಷ್ಟಕವಿದೆ. ತಿಳಿದವರು ಅದನ್ನು ಮ್ಯಾಪ್ ಎನ್ನುತ್ತಾರೆ. ಎಂಜಿನ್ ಎಷ್ಟು ವೇಗದಲ್ಲಿ ತಿರುಗುತ್ತಿದೆ, ರೈಸ್ ಎಷ್ಟು ಕೊಟ್ಟಿದೆ ಎಂಬುದನ್ನು ನೋಡಿಕೊಂಡು, ಇಂಜೆಕ್ಟರಿನ ಬಾಯಿ ಎಷ್ಟು ಹೊತ್ತು ತೆರೆದಿರಬೇಕೆಂದು ಆ ಕೋಷ್ಟಕದ ಒಂದೊಂದು ಮನೆಯೂ ಹೇಳುತ್ತದೆ. ನಿಮಿಷಕ್ಕೆ 6,000 ಸುತ್ತು ತಿರುಗುವ ಫೋರ್ ಸ್ಟ್ರೋಕ್ ಸಿಂಗಲ್ ಸಿಲಿಂಡರ್ ಎಂಜಿನ್ನಿನಲ್ಲಿ ಸೆಕೆಂಡಿಗೆ 50 ಸಲ ಈ ಬಾಯಿ ತೆರೆದು ಮುಚ್ಚುತ್ತದೆ. ಒಂದೊಂದು ಸಲಕ್ಕೂ ಕೆಲವೇ ಮಿಲಿಸೆಕೆಂಡು. ಸೈಲೆನ್ಸರಿಗೆ ಹೋಗುವ ಬೆಂಡ್ ಪೈಪಿನಲ್ಲಿ ಕೂತ ಆಕ್ಸಿಜನ್ ಸೆನ್ಸರ್ ಹೊಗೆಯನ್ನು ನೋಡಿ, ಪೆಟ್ರೋಲ್ ಹೆಚ್ಚಾಯಿತೋ ಕಡಿಮೆಯಾಯಿತೋ ಎಂದು ಚಾಡಿ ಹೇಳುತ್ತದೆ.

ಈ ಚಾಡಿಯನ್ನು ಇಸಿಯು ಕಣ್ಣುಮುಚ್ಚಿ ನಂಬುತ್ತದೆ. ಕರಾವಳಿಯ ತೊಂದರೆ ಇರುವುದೇ ಇಲ್ಲಿ.

ಎಂಜಿನ್ನಿನ ಬಿಸಿ ಅಳೆಯುವ ಸೆನ್ಸರನ್ನೇ ತೆಗೆದುಕೊಳ್ಳಿ. ಎಂಜಿನ್ ತಣ್ಣಗಿದ್ದಾಗ ಅದರ ವಿದ್ಯುತ್ ರೋಧ ಹೆಚ್ಚು, ಬಿಸಿಯಾದಾಗ ಕಡಿಮೆ. ಅದಕ್ಕೆ ವೈರು ಜೋಡಿಸುವ ಕಪ್ಲರಿನೊಳಗೆ ಉಪ್ಪುಗಾಳಿಗೆ ಹಸಿರು ಕಿಲುಬು ಕಟ್ಟಿದರೆ ರೋಧ ತಾನಾಗಿ ಏರುತ್ತದೆ. ಎಂಜಿನ್ ಕಾದಿದ್ದರೂ ಇಸಿಯುವಿಗೆ ಅದು ತಣ್ಣಗಿರುವಂತೆ ಕಾಣುತ್ತದೆ. ಹಾಗಾಗಿ ಪೆಟ್ರೋಲ್ ಹೆಚ್ಚು ಸುರಿಯುತ್ತದೆ. ಪ್ಲಗ್ ಕಪ್ಪಾಗುತ್ತದೆ, ಮೈಲೇಜ್ ಇಳಿಯುತ್ತದೆ. ಬೆಂಡ್ ಪೈಪಿನ ಜೋಡಣೆ ತುಕ್ಕು ಹಿಡಿದು ಸೆನ್ಸರಿಗೆ ಮೊದಲೇ ಹೊರಗಾಳಿ ಎಳೆದುಕೊಂಡರೂ ಇದೇ ಕಥೆ: ಹೊಗೆಯಲ್ಲಿ ಆಮ್ಲಜನಕ ಹೆಚ್ಚು ಕಾಣುತ್ತದೆ, ಪೆಟ್ರೋಲ್ ಸಾಲದೆಂದು ಇಸಿಯು ಇನ್ನಷ್ಟು ಬಿಡುತ್ತದೆ. ಬ್ಯಾಟರಿ ಸೋತರೆ ಇಂಜೆಕ್ಟರ್ ತೆರೆಯುವುದೇ ತಡವಾಗುತ್ತದೆ. ಇವು ಯಾವುವೂ ಮ್ಯಾಪಿನ ದೋಷಗಳಲ್ಲ, ಲ್ಯಾಪ್‌ಟಾಪ್ ಹಿಡಿದು ಇವನ್ನು ಸರಿಪಡಿಸಲೂ ಆಗದು.

ಪೆಟ್ರೋಲಿಗೆ ಬೆರೆಸುವ ಎಥೆನಾಲ್ ಈಗಿನ ಇನ್ನೊಂದು ತಲೆಬಿಸಿ. ಶೇ 20ರಷ್ಟು ಎಥೆನಾಲ್ ಇದ್ದರೆ ಬೇಕಾದ ಗಾಳಿ 14.7ರಿಂದ ಸುಮಾರು 13.5ಕ್ಕೆ ಇಳಿಯುತ್ತದೆ. ಆಕ್ಸಿಜನ್ ಸೆನ್ಸರ್ ಸರಿಯಿದ್ದರೆ ಇಸಿಯು ಇದನ್ನು ಬಹುಮಟ್ಟಿಗೆ ಸರಿದೂಗಿಸೀತು. ಆದರೆ ಎಥೆನಾಲ್ ನೀರನ್ನು ಹೀರುತ್ತದೆ. ಮಳೆಗಾಲದಲ್ಲಿ ವಾರಗಟ್ಟಲೆ ನಿಂತ ಬೈಕಿನ ಟ್ಯಾಂಕಿಗೆ ನೀರು ಸೇರಿ ಮಿತಿ ಮೀರಿತೋ, ಎಥೆನಾಲ್ ಸಮೇತ ತಳಕ್ಕಿಳಿಯುತ್ತದೆ. ಹೆಚ್ಚಿನ ಇಂಜೆಕ್ಷನ್ ಬೈಕುಗಳಲ್ಲಿ ಪೆಟ್ರೋಲ್ ಪಂಪ್ ಕೂತಿರುವುದೂ ಆ ತಳದಲ್ಲೇ.

ಹಾಗಾದರೆ ಮ್ಯಾಪನ್ನೇ ತಿದ್ದುವ ಟ್ಯೂನಿಂಗ್ ಯಾರಿಗೆ? ಅದಕ್ಕೆ ಕರ್ನಾಟಕದಲ್ಲೇ ನೆಲೆಯಿದೆ. ಬೆಂಗಳೂರಿನ ರೇಸ್ ಡೈನಾಮಿಕ್ಸ್ ಸಂಸ್ಥೆ 'ಪವರ್‌ಟ್ರಾನಿಕ್' ಹೆಸರಿನ ಪಿಗ್ಗಿಬ್ಯಾಕ್ ಇಸಿಯು ತಯಾರಿಸುತ್ತದೆ. ಕಂಪೆನಿಯ ಇಸಿಯುವನ್ನು ತೆಗೆಯದೆ, ಅದರಿಂದ ಹೊರಡುವ ಸಂಕೇತಗಳನ್ನು ನಡುವೆ ಹಿಡಿದು ತಿದ್ದಿ ಕಳಿಸುವ ಸಾಧನವಿದು. ಇದರ ಫಲ ನೋಡಬೇಕಾದರೆ ಎಂಜಿನ್ನಿನ ಶಕ್ತಿ ಅಳೆಯುವ ಡೈನೋ ಬೇಕು, ಹೊಗೆಯ ಆಮ್ಲಜನಕವನ್ನು ನಿಖರವಾಗಿ ಅಳೆಯುವ ವೈಡ್‌ಬ್ಯಾಂಡ್ ಸೆನ್ಸರ್ ಬೇಕು, ಒಂದೊಂದು ಮನೆಯನ್ನೂ ತಾಳ್ಮೆಯಿಂದ ತುಂಬುವವರು ಬೇಕು.

ಅಂಥ ತಾಳ್ಮೆಯನ್ನು ಕಲಿಸುವ ಒಂದು ಪಾಠಶಾಲೆ ಉಚ್ಚಿಲಕ್ಕೆ ದೂರವೇನಲ್ಲ. ಮಣಿಪಾಲದ ತಾಂತ್ರಿಕ ಕಾಲೇಜಿನಲ್ಲಿ 2007ರಲ್ಲಿ ಹುಟ್ಟಿದ 'ಫಾರ್ಮುಲಾ ಮಣಿಪಾಲ್' ವಿದ್ಯಾರ್ಥಿ ತಂಡ ಫಾರ್ಮುಲಾ ಸ್ಟೂಡೆಂಟ್ ಸ್ಪರ್ಧೆಗಳಿಗೆಂದು ರೇಸ್ ಕಾರು ಕಟ್ಟುತ್ತ ಬಂದಿದೆ. ಈ ಸ್ಪರ್ಧೆಗಳ ಪೆಟ್ರೋಲ್ ವಿಭಾಗದ ಕಾರುಗಳಲ್ಲಿ ಸಾಮಾನ್ಯವಾಗಿ ಇರುವುದು ಬೈಕಿನ ಎಂಜಿನ್ನೇ. ಮಿತಿ 710 ಸಿಸಿ. ಆದರೆ ಎಂಜಿನ್ ಕುಡಿಯುವ ಗಾಳಿಯೆಲ್ಲ 20 ಮಿಲಿಮೀಟರ್ ಅಗಲದ ಒಂದೇ ರಂಧ್ರದ ಮೂಲಕ ಬರಬೇಕು. ವೇಗ ಏರಿದಂತೆ ಆ ರಂಧ್ರದಲ್ಲಿ ಗಾಳಿ ಶಬ್ದದ ವೇಗ ಮುಟ್ಟುತ್ತದೆ. ಅಲ್ಲಿಂದಾಚೆ ಎಷ್ಟು ರೈಸ್ ಕೊಟ್ಟರೂ ಹೆಚ್ಚು ಗಾಳಿ ಬಾರದು. ಕಂಪೆನಿ ಕೊಟ್ಟ ಮ್ಯಾಪ್ ಅಲ್ಲಿ ಕೆಲಸಕ್ಕೆ ಬಾರದ ಕಾಗದ. ಇಂಥ ಎಂಜಿನ್ನಿಗೆ ಹೊಸ ಮ್ಯಾಪ್ ಬರೆಯದೆ ಗತಿಯಿಲ್ಲ.

ಮೀನು ಮಾರುಕಟ್ಟೆಗೂ ಕಾಲೇಜಿಗೂ ಹೋಗಿಬರುವ ಬೈಕಿಗೆ ಆ ಅಗತ್ಯ ಬಹುಮಟ್ಟಿಗೆ ಇಲ್ಲ. ಸದ್ದು ಮಾಡುವ ಸೈಲೆನ್ಸರ್ ಹಾಕಿ, ಅದಕ್ಕೆ ತಕ್ಕಂತೆ ಮ್ಯಾಪ್ ಬದಲಿಸಿ ರಸ್ತೆಗಿಳಿದವರಿಗೆ ಮೋಟಾರು ವಾಹನ ಕಾಯ್ದೆಯ 190(2)ನೇ ಕಲಮು ಕಾದಿರುತ್ತದೆ. ಹೊಗೆ ಮತ್ತು ಸದ್ದಿನ ಮಿತಿ ಮೀರಿದರೆ ದಂಡ 10,000 ರೂಪಾಯಿವರೆಗೆ. ಮೈಲೇಜ್ ಇಳಿಯಿತೆಂದು ಗ್ಯಾರೇಜಿಗೆ ಹೋಗುವವರು ಮೊದಲು ಏರ್ ಫಿಲ್ಟರ್, ಪ್ಲಗ್, ಬ್ಯಾಟರಿ ನೋಡಿಸಿ, ಆಮೇಲೆ ಕಪ್ಲರುಗಳನ್ನು ಬಿಚ್ಚಿಸಿ ಕಿಲುಬು ತೆಗೆಸಲಿ. ಇಸಿಯು ದಾಖಲಿಸಿದ ದೋಷದ ಕೋಡ್ ಓದುವ ಸ್ಕ್ಯಾನರ್ ಹಾಕಿದ ಮೆಕ್ಯಾನಿಕ್ ಬಳಿ ಯಾವ ಕೋಡ್ ಬಂತೆಂದು ಕೇಳಿ ಬರೆದಿಟ್ಟುಕೊಳ್ಳಲಿ. ಇಷ್ಟಾದ ಮೇಲೂ ದೋಷ ಉಳಿದರೆ ಇಸಿಯು ಮೇಲೆ ಅನುಮಾನ ಪಡಬಹುದು.