ದೀರ್ಘ ದುಡಿಮೆ ಮತ್ತು ಹಿರಿಯ ಕಾರ್ಮಿಕರ ಆರೋಗ್ಯ: ಉದ್ಯಮಿಗಳು ಗಮನಿಸಬೇಕಾದ ಅಂಶಗಳು

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಹಾಗೂ ಕಾಗವಾಡ ತಾಲೂಕುಗಳ ಉದ್ಯಮಗಳು ಬಹುಮಟ್ಟಿಗೆ ಅನುಭವಿ ಕೈಗಳನ್ನೇ ನೆಚ್ಚಿಕೊಂಡಿವೆ. ನಿಪ್ಪಾಣಿಯ ತಂಬಾಕು ಮತ್ತು ಬೀಡಿ, ಉಗಾರ ಮೊದಲಾದೆಡೆಯ ಸಕ್ಕರೆ, 2019ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಪಡೆದ ಕೊಲ್ಹಾಪುರಿ ಚಪ್ಪಲಿಯನ್ನು ತಯಾರಿಸುವ ಅಥಣಿಯ ಚರ್ಮೋದ್ಯಮ ಇವೆಲ್ಲವುಗಳಲ್ಲಿ ಕಸುಬಿನ ಮರ್ಮ ಬಲ್ಲವರು ಹಿರಿಯರೇ. ಅವರ ದುಡಿಮೆಯ ಅವಧಿಯನ್ನು ಹಿಗ್ಗಿಸುವುದು ಲಾಭಕರವೇ ಎಂಬುದು ಪರಿಶೀಲನಾರ್ಹ.

ಗಾಯವಾದಾಗ ದೇಹವು ತೋರುವ ರಕ್ಷಣಾ ಪ್ರತಿಕ್ರಿಯೆಯೇ ಉರಿಯೂತ. ಗಾಯ ಮಾಗಿದೊಡನೆ ಅದು ಶಮನವಾಗಬೇಕು. ಆದರೆ ವಯಸ್ಸಾದಂತೆ ಅದು ಮಂದವಾಗಿ ಒಳಗೊಳಗೇ ಉಳಿಯುವ ಪ್ರವೃತ್ತಿ ಹೆಚ್ಚುತ್ತದೆ. ನಿದ್ರೆಯ ಕೊರತೆ, ಮಾನಸಿಕ ಒತ್ತಡ, ಧೂಮಪಾನಗಳು ಅದನ್ನು ಉಲ್ಬಣಗೊಳಿಸುತ್ತವೆ. ಇಂತಹ ಉರಿಯೂತವು ರಕ್ತನಾಳಗಳ ಒಳಪದರವನ್ನು ಹಾಳುಗೆಡವಿ ಹೃದ್ರೋಗಕ್ಕೂ, ಇನ್ಸುಲಿನ್ನಿನ ಕಾರ್ಯವನ್ನು ಕುಗ್ಗಿಸಿ ಮಧುಮೇಹಕ್ಕೂ ಹಾದಿ ಮಾಡಿಕೊಡುತ್ತದೆ.

ವಿಶ್ವ ಆರೋಗ್ಯ ಸಂಸ್ಥೆ ಹಾಗೂ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಗಳು 2021ರಲ್ಲಿ ಪ್ರಕಟಿಸಿದ ಜಂಟಿ ಅಧ್ಯಯನದ ಪ್ರಕಾರ, ವಾರಕ್ಕೆ 35ರಿಂದ 40 ಗಂಟೆ ದುಡಿಯುವವರಿಗೆ ಹೋಲಿಸಿದರೆ 55 ಗಂಟೆ ಅಥವಾ ಅದಕ್ಕಿಂತ ಹೆಚ್ಚು ದುಡಿಯುವವರಲ್ಲಿ ಪಾರ್ಶ್ವವಾಯುವಿನ ಅಪಾಯ ಶೇ. 35ರಷ್ಟು, ಹೃದಯಾಘಾತಾದಿಗಳಿಂದ ಸಾಯುವ ಅಪಾಯ ಶೇ. 17ರಷ್ಟು ಅಧಿಕ. ದಿನಕ್ಕೆ ಒಂಬತ್ತೂವರೆ ಗಂಟೆಯಂತೆ ಆರು ದಿನ ದುಡಿದರೆ 57 ಗಂಟೆಯಾಗುತ್ತದೆ ಎಂಬುದನ್ನು ಮರೆಯಲಾಗದು. ಮನೆಯಲ್ಲಿ ಬೀಡಿ ಕಟ್ಟುವ ಮಹಿಳೆಯರ ದುಡಿಮೆ ಸಾವಿರಕ್ಕಿಷ್ಟು ಎಂಬ ಲೆಕ್ಕದ್ದು. ಅವರ ಗಂಟೆಗಳು ಯಾವ ಹಾಜರಿ ಪುಸ್ತಕದಲ್ಲಿಯೂ ದಾಖಲಾಗುವುದಿಲ್ಲ.

ಕಸುಬಿಗೆ ತಕ್ಕಂತೆ ತೊಂದರೆಯೂ ಭಿನ್ನ. ತಂಬಾಕಿನ ಧೂಳು ಶ್ವಾಸನಾಳವನ್ನು ಕೆರಳಿಸುತ್ತದೆ. ನೆಲದ ಮೇಲೆ ಬಾಗಿ ಕುಳಿತು ಚರ್ಮ ಹೊಲಿಯುವುದರಿಂದ ಸೊಂಟ, ಮೊಣಕಾಲುಗಳು ಸವೆಯುತ್ತವೆ. ಕಬ್ಬು ನುರಿಸುವ ಹಂಗಾಮಿನ ರಾತ್ರಿ ಪಾಳಿ ನಿದ್ರೆಯನ್ನು ಕೆಡಿಸುತ್ತದೆ.

2025ರ ನವೆಂಬರ್ 21ರಂದು ಜಾರಿಗೆ ಬಂದ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಪರಿಸ್ಥಿತಿಗಳ ಸಂಹಿತೆಯು ದಿನಕ್ಕೆ 8 ಗಂಟೆ, ವಾರಕ್ಕೆ 6 ದಿನಗಳ ಮಿತಿಯನ್ನು ವಿಧಿಸಿದೆ. ಹೆಚ್ಚುವರಿ ದುಡಿಮೆಗೆ ಕಾರ್ಮಿಕನ ಸಮ್ಮತಿಯೂ ಎರಡರಷ್ಟು ದರದ ವೇತನವೂ ಅವಶ್ಯ. ನಿಗದಿತ ವಯಸ್ಸಿನವರಿಗೆ ಉಚಿತ ವಾರ್ಷಿಕ ಆರೋಗ್ಯ ತಪಾಸಣೆಗೂ ಅದರಲ್ಲಿ ಅವಕಾಶವಿದೆ.

ಕಾನೂನು ಅನ್ವಯವಾಗದ ಸಣ್ಣ ಘಟಕಗಳಿಗೂ ಕೆಲವು ಕ್ರಮಗಳು ಭಾರವಾಗಲಾರವು. ಗೋದಾಮಿಗೆ ಧೂಳು ಹೊರಹಾಕುವ ಫ್ಯಾನು ಮತ್ತು ಮುಖಗವಸು, ಹೊಲಿಗೆಗೆ ತಗ್ಗಾದ ಮೇಜು, ಎರಡು ಗಂಟೆಗೊಮ್ಮೆ ಅಲ್ಪ ವಿರಾಮ, ತಪ್ಪದ ವಾರದ ರಜೆ, ವರ್ಷಕ್ಕೊಮ್ಮೆ ರಕ್ತದೊತ್ತಡ ಹಾಗೂ ಸಕ್ಕರೆಯ ಪರೀಕ್ಷೆ ಇವುಗಳಿಂದ ಆರಂಭಿಸಬಹುದು. ನುರಿತ ಕೆಲಸಗಾರನೊಬ್ಬ ಹಾಸಿಗೆ ಹಿಡಿದರೆ ಅವನ ಮನೆಯ ಗಳಿಕೆ ನಿಲ್ಲುತ್ತದೆ. ಅವನ ಜಾಗಕ್ಕೆ ಮತ್ತೊಬ್ಬನನ್ನು ಪಳಗಿಸಲು ಮಾಲೀಕನಿಗೆ ವರ್ಷಗಳೇ ಬೇಕಾಗುತ್ತವೆ.