ಇಪ್ಪತ್ತೆರಡು ಸೆಕೆಂಡಿನ ಕ್ಲಿಪ್, ಆರು ಗಂಟೆಯ ಕಲಾಪ, ನಲವತ್ತು ಸಾಲಿನ ಪೈಥಾನ್

ಕೆಲವು ವರ್ಷಗಳ ಹಿಂದೆ ಒಂದು ರಾತ್ರಿ ಒಂಬತ್ತೂವರೆಗೆ ವಾಟ್ಸಾಪಿನಲ್ಲಿ ಒಂದು ಕ್ಲಿಪ್ ಬಂತು. ಬರೀ 22 ಸೆಕೆಂಡು. ಸದನದಲ್ಲಿ ಎದ್ದು ನಿಂತ ಸಚಿವರೊಬ್ಬರು ರೈತರ ಬಗ್ಗೆ ಆಡಬಾರದ ಮಾತೊಂದನ್ನು ಆಡುತ್ತಿದ್ದಾರೆ. ದನಿ ಅವರದೇ, ಮುಖ ಅವರದೇ, ನಡುವೆ ಎಲ್ಲೂ ಕತ್ತರಿ ಹಾಕಿದ ಗುರುತಿಲ್ಲ. ನಾನು ಆಗ ಕೆಲಸ ಮಾಡುತ್ತಿದ್ದ ಕಡೆ ಹತ್ತೇ ನಿಮಿಷದಲ್ಲಿ ಸುದ್ದಿ ಹೋಯ್ತು. ಬರೆದವನು ನಾನೇ.

ಮಾರನೇ ದಿನ ಪೂರ್ತಿ ಕಲಾಪದ ವಿಡಿಯೊ ಕೈಗೆ ಬಂತು. ಆರು ಗಂಟೆ ನಲವತ್ತು ನಿಮಿಷ. ಸ್ಲೈಡರ್ ಹಿಡಿದು ಹಿಂದೆ ಮುಂದೆ ಎಳೆದಾಡಿ, ಒಂದೂವರೆ ಗಂಟೆಯ ಮೇಲೆ ಆ ಜಾಗ ಸಿಕ್ಕಿತು. ಸಚಿವರು ತಮ್ಮ ಮೇಲೆ ಎದುರು ಪಕ್ಷದವರು ಹೊರಿಸಿದ್ದ ಮಾತನ್ನು ಓದಿ ಹೇಳಿ, ಕೊನೆಗೆ "ಅಂತ ನಾನು ಹೇಳಿದ್ದೀನಿ ಅಂತೀರಲ್ಲ, ಎಲ್ಲಿದೆ ದಾಖಲೆ?" ಎಂದು ಕೇಳುತ್ತಿದ್ದರು. ಕ್ಲಿಪ್ ಆ "ಅಂತ"ಕ್ಕೆ ಮೊದಲೇ ಮುಗಿದಿತ್ತು.

ಕನ್ನಡದಲ್ಲಿ ಈ ಮೋಸ ಎಷ್ಟು ಸಲೀಸು ನೋಡಿ. ಇಂಗ್ಲಿಷಿನಲ್ಲಿ ಸಾಮಾನ್ಯವಾಗಿ ಯಾರು ಹೇಳಿದ್ದು ಅನ್ನೋದು ಮೊದಲು ಬಂದು, ಹೇಳಿದ ಮಾತು ಆಮೇಲೆ ಬರುತ್ತದೆ. ನಮ್ಮಲ್ಲಿ ಮಾತು ಮೊದಲು, "ಅಂತ ಅವರು ಹೇಳ್ತಾರೆ" ಅನ್ನೋದು ಬಾಲದಲ್ಲಿ. ಬಾಲ ಕತ್ತರಿಸಿದರೆ ಸಾಕು, ಇನ್ನೊಬ್ಬರ ಆರೋಪ ನಿಮ್ಮ ಹೇಳಿಕೆಯಾಗಿಬಿಡುತ್ತದೆ. ಡೀಪ್‌ಫೇಕ್ ಬೇಕಿಲ್ಲ, ಎಐ ಬೇಕಿಲ್ಲ.

ನಾವು ತಿದ್ದುಪಡಿ ಹಾಕಿದೆವು. ಎಷ್ಟು ಜನ ಓದಿದರು ಅಂತ ಕೇಳಬೇಡಿ.

ಇಂಜಿನಿಯರಿಂಗ್ ಬಿಟ್ಟು ಬಂದವನಿಗೆ ಅವತ್ತು ಹೆಚ್ಚು ನಾಚಿಕೆಯಾಗಿದ್ದು ಆ ಒಂದೂವರೆ ಗಂಟೆಯ ಬಗ್ಗೆ. ಕಂಪ್ಯೂಟರ್ ಮುಂದೆ ಕೂತು, ಕಂಪ್ಯೂಟರ್ ಮಾಡಬೇಕಾದ ಕೆಲಸವನ್ನು ಬೆರಳಲ್ಲಿ ಮಾಡಿದ್ದೆ. ಆ ವಾರಾಂತ್ಯ ಬರೆದ ಪುಟ್ಟ ಪೈಥಾನ್ ಪ್ರೋಗ್ರಾಂ ಇವತ್ತಿಗೂ ನನ್ನ ಲ್ಯಾಪ್‌ಟಾಪಿನಲ್ಲಿದೆ. ಅದು ಹೇಗೆ ಕೆಲಸ ಮಾಡುತ್ತದೆ ಅಂತ ಹೇಳುತ್ತೇನೆ. ಕೋಡಿಂಗ್ ಬರದವರೂ ಓದಬಹುದು.

ಕಿತ್ತಳೆ ಬಣ್ಣದ ರಸ್ತೆ ಕೋನಿನ ಗುರುತಿರುವ ವಿಎಲ್‌ಸಿ ಪ್ಲೇಯರ್ ಗೊತ್ತಲ್ಲ? ಹಾಸ್ಟೆಲಿನಲ್ಲಿ ಪೆನ್‌ಡ್ರೈವ್ ಸಿನಿಮಾ ನೋಡಿದ ನಮ್ಮ ತಲೆಮಾರಿಗೆ ಅದರ ಪರಿಚಯ ಬೇಕಿಲ್ಲ. 1996ರಲ್ಲಿ ಪ್ಯಾರಿಸ್ ಬಳಿಯ ಎಕೋಲ್ ಸೆಂಟ್ರಾಲ್ ಎಂಬ ಇಂಜಿನಿಯರಿಂಗ್ ಕಾಲೇಜಿನ ವಿದ್ಯಾರ್ಥಿಗಳು ಶುರು ಮಾಡಿದ ಪ್ರಾಜೆಕ್ಟ್ ಅದು. ಕ್ಯಾಂಪಸ್ಸಿಗೆ ವೇಗದ ನೆಟ್‌ವರ್ಕ್ ಬೇಕಿತ್ತು, ಅದಕ್ಕೊಂದು ನೆಪವಾಗಿ ನೆಟ್‌ವರ್ಕಿನಲ್ಲೇ ಟಿವಿ ತೋರಿಸ್ತೀವಿ ಅಂದರು. 2001ರಲ್ಲಿ ಕೋಡನ್ನು ಮುಕ್ತ ಪರವಾನಗಿಯಲ್ಲಿ ಎಲ್ಲರಿಗೂ ಬಿಟ್ಟುಕೊಟ್ಟರು. ನಾವು ನೋಡುವ ಕಿಟಕಿ, ಬಟನ್‌ಗಳು ಬರೀ ಮುಖ. ಒಳಗೆ ವಿಡಿಯೊ ಬಿಡಿಸುವ, ಓಡಿಸುವ, ನಿಲ್ಲಿಸುವ ಇಂಜಿನ್ ಬೇರೆ ಇದೆ. ಅದರ ಹೆಸರು ಲಿಬ್‌ವಿಎಲ್‌ಸಿ. ಯಾವ ಪ್ರೋಗ್ರಾಂ ಬೇಕಾದರೂ ಈ ಇಂಜಿನ್ನಿಗೆ ನೇರವಾಗಿ ಆಜ್ಞೆ ಕೊಡಬಹುದು. ಪೈಥಾನಿನಿಂದ ಆಜ್ಞೆ ಕೊಡಲು ಪೈಥಾನ್-ವಿಎಲ್‌ಸಿ ಅನ್ನೋ ಕೊಂಡಿ ಇದೆ. ಅದು ಬರೀ ತಂತಿ ಇದ್ದ ಹಾಗೆ. ವಿಎಲ್‌ಸಿಯನ್ನೇ ಇನ್‌ಸ್ಟಾಲ್ ಮಾಡದೆ ತಂತಿಯೊಂದನ್ನೇ ಹಾಕಿಕೊಂಡರೆ ಆ ತುದಿಯಲ್ಲಿ ಯಾರೂ ಇರಲ್ಲ. ಪೈಥಾನ್ 64 ಬಿಟ್, ವಿಎಲ್‌ಸಿ 32 ಬಿಟ್ ಆಗಿದ್ದರೂ ಅದೇ ಕತೆ. ನನ್ನ ಒಂದು ಶನಿವಾರ ಹೋಗಿದ್ದು ಅಲ್ಲೇ.

ಆಜ್ಞೆಗಳು ಸರಳ. ಒಂದು ಪ್ಲೇಯರ್ ಮಾಡು, ಅದಕ್ಕೆ ಈ ಫೈಲ್ ಕೊಡು, ‘ಪ್ಲೇ’. ಕಾಲ ಬದಲಿಸಲು ‘ಸೆಟ್ ಟೈಮ್’, ಈಗ ಎಲ್ಲಿದ್ದೇವೆ ಎಂದು ಕೇಳಲು ‘ಗೆಟ್ ಟೈಮ್’, ವೇಗಕ್ಕೆ ‘ಸೆಟ್ ರೇಟ್’. ಲೆಕ್ಕ ಮಿಲಿಸೆಕೆಂಡಿನಲ್ಲಿ. ನಾಲ್ಕು ಗಂಟೆ ಹನ್ನೆರಡು ನಿಮಿಷ ಮೂವತ್ತು ಸೆಕೆಂಡು ಅಂದರೆ 1,51,50,000. ಅದರಲ್ಲಿ 30,000 ಕಳೆದರೆ ಅರ್ಧ ನಿಮಿಷ ಹಿಂದಿನಿಂದ ನೋಡಬಹುದು.

ಎಡವೋದು ಎಲ್ಲಿ ಅಂದರೆ ‘ಪ್ಲೇ’ಯಲ್ಲಿ. ದರ್ಶಿನಿಯಲ್ಲಿ ದುಡ್ಡು ಕೊಟ್ಟ ಕೂಡಲೇ ಟೋಕನ್ ಬರುತ್ತೆ, ದೋಸೆ ಬರಲ್ಲ. ‘ಪ್ಲೇ’ ಕೂಡ ಹಾಗೇ. ಆಜ್ಞೆ ತಗೊಂಡೆ ಅಂತ ಹೇಳಿ ಕೂಡಲೇ ವಾಪಸ್ ಬರುತ್ತೆ, ವಿಡಿಯೊ ತೆರೆಯೋ ಕೆಲಸ ಹಿಂದೆ ನಡೀತಿರುತ್ತೆ. ಇದು ಗೊತ್ತಿಲ್ಲದೆ ಮುಂದಿನ ಸಾಲಿನಲ್ಲೇ ವಿಡಿಯೊ ಎಷ್ಟು ಉದ್ದ ಅಂತ ಕೇಳಿದರೆ ಸೊನ್ನೆಯೋ ಮೈನಸ್ ಒಂದೋ ಸಿಗುತ್ತದೆ. ಇನ್ನೂ ಶುರುವಾಗದ ವಿಡಿಯೊಗೆ ‘ಸೆಟ್ ಟೈಮ್’ ಹೇಳಿದರೆ ಕೇಳಿಸಿಕೊಳ್ಳುವವರೇ ಇರಲ್ಲ. ಅದಕ್ಕಿಂತ ಮಜಾ ಏನಂದರೆ, ‘ಪ್ಲೇ’ಯೇ ಕೊನೆಯ ಸಾಲಾಗಿದ್ದರೆ ಪ್ರೋಗ್ರಾಂ ಮುಗಿದು ಕಿಟಕಿಯೂ ಮಾಯ. ಹೊಸಬರು ಕೋಡ್ ತಪ್ಪು ಅಂದ್ಕೊಂಡು ತಲೆ ಚಚ್ಚಿಕೊಳ್ಳುವುದು ಇಲ್ಲಿಯೇ.

ನಾನು ಇದನ್ನೇ ಅನುಕೂಲ ಮಾಡಿಕೊಂಡೆ. ವಿಡಿಯೊ ತನ್ನ ಪಾಡಿಗೆ ಒಂದೂವರೆ ಪಟ್ಟು ವೇಗದಲ್ಲಿ ಓಡುತ್ತಿರುತ್ತದೆ, ಪೈಥಾನ್ ಕೀಬೋರ್ಡ್ ಕಾಯುತ್ತಿರುತ್ತದೆ. ಯಾರಾದರೂ ಮುಖ್ಯವಾದದ್ದು ಹೇಳಿದ ಕೂಡಲೇ ಎರಡು ಪದ ಟೈಪ್ ಮಾಡಿ ಎಂಟರ್ ಒತ್ತಿದರೆ, ಆ ಕ್ಷಣದ ಸಮಯವನ್ನೂ ಟಿಪ್ಪಣಿಯನ್ನೂ ಒಂದು ಫೈಲಿಗೆ ಬರೆದುಕೊಳ್ಳುತ್ತದೆ. ಸಂಜೆ ಹೊತ್ತಿಗೆ ಆರು ಗಂಟೆಯ ಕಲಾಪಕ್ಕೆ ಒಂದು ಪರಿವಿಡಿ ಸಿದ್ಧ. ರಾತ್ರಿ ಕ್ಲಿಪ್ ಬಂದರೆ ಟಿಪ್ಪಣಿಯ ಸಂಖ್ಯೆ ಒತ್ತಿದರಾಯ್ತು, ಅರ್ಧ ನಿಮಿಷ ಹಿಂದಿನಿಂದ ಎರಡು ನಿಮಿಷ ಮುಂದಿನವರೆಗೆ ಓಡಿ ನಿಲ್ಲುತ್ತದೆ. ಬಾಲದಲ್ಲಿ "ಅಂತ" ಇದೆಯೋ ಇಲ್ಲವೋ ನಮ್ಮ ಕಿವಿಯಲ್ಲೇ ಕೇಳಬಹುದು. ಪುರಾವೆಗೆ ಆ ಫ್ರೇಮಿನ ಚಿತ್ರವನ್ನೂ ಉಳಿಸಿಕೊಳ್ಳಬಹುದು, ಅದಕ್ಕೂ ಒಂದೇ ಸಾಲು.

ಸಮಯ ಉಲ್ಲೇಖಿಸಿ ಬರೆಯುವವರು ಒಂದು ವಿಷಯ ಗಮನಿಸಬೇಕು. ವಿಡಿಯೊ ಫೈಲಿನಲ್ಲಿ ಪ್ರತಿ ಫ್ರೇಮೂ ಪೂರ್ತಿ ಚಿತ್ರವಾಗಿರುವುದಿಲ್ಲ. ಕೆಲವೇ ಸೆಕೆಂಡುಗಳಿಗೊಮ್ಮೆ ಒಂದು ಪೂರ್ತಿ ಚಿತ್ರ, ಅಂದರೆ ಕೀಫ್ರೇಮ್ ಇರುತ್ತದೆ. ನಡುವಿನವು ಏನು ಬದಲಾಯಿತು ಅನ್ನೋದಷ್ಟನ್ನೇ ಹೇಳುತ್ತವೆ. ವಿಎಲ್‌ಸಿಯಲ್ಲಿ ವೇಗದ ಜಿಗಿತ ಎಂಬ ಆಯ್ಕೆ ಇದೆ. ಅದನ್ನು ಆನ್ ಮಾಡಿದರೆ ಹತ್ತಿರದ ಕೀಫ್ರೇಮಿಗೆ ಹಾರಿ ಕೂರುತ್ತದೆ, ನಿಖರತೆ ಹೋಗುತ್ತದೆ. ‘ಗೆಟ್ ಟೈಮ್’ ಕೊಡುವ ಅಂಕಿಯೂ ಫ್ರೇಮ್ ಫ್ರೇಮಿಗೆ ಬದಲಾಗಲ್ಲ, ಜಿಗಿಜಿಗಿದು ಮುಂದೆ ಹೋಗುತ್ತದೆ. ಹಾಗಾಗಿ ನಾನು ಸೆಕೆಂಡಿನವರೆಗೆ ಮಾತ್ರ ಬರೆಯುತ್ತೇನೆ.

ಈ ಪರದಾಟ ಯಾಕೆ ಬೇಕು ಅಂದರೆ, ನಮ್ಮ ಬಳಿ ಇರುವುದು ಆ ಒಂದೇ ಮೂಲ. 2019ರ ಅಕ್ಟೋಬರಿನಲ್ಲಿ ಆಗಿನ ಸ್ಪೀಕರ್ ವಿಶ್ವೇಶ್ವರ ಹೆಗಡೆ ಕಾಗೇರಿ ಖಾಸಗಿ ವಾಹಿನಿಗಳ ಕ್ಯಾಮೆರಾಗಳನ್ನು ಸದನದಿಂದ ಹೊರಗಿಟ್ಟರು. ಅಧಿಕೃತ ಕ್ಯಾಮೆರಾ ಯಾರ ಮುಖ ತೋರಿಸುತ್ತದೋ ಅದೇ ನಮಗೆ ಕಾಣೋದು. ಉಳಿದಿರುವ ಆ ಒಂದು ದಾಖಲೆಯನ್ನಾದರೂ ಪೂರ್ತಿ ನೋಡಬೇಕಲ್ಲ. ಸಿಗುವಾಗಲೇ ಫೈಲ್ ಉಳಿಸಿಕೊಳ್ಳಿ, ನಾಳೆ ಆ ಲಿಂಕ್ ಇರುತ್ತದೆ ಎಂಬ ಗ್ಯಾರಂಟಿ ಇಲ್ಲ.

ಇನ್ನು ಉಪಕರಣದ ವಿಷಯ. 2022ರ ಫೆಬ್ರವರಿಯಿಂದ ಭಾರತದಲ್ಲಿ ವಿಎಲ್‌ಸಿಯ ವೆಬ್‌ಸೈಟ್ ತೆರೆಯುತ್ತಿರಲಿಲ್ಲ. ಐಟಿ ಕಾಯ್ದೆಯಡಿ ನಿರ್ಬಂಧಿಸಲಾಗಿದೆ ಎಂಬ ಸಾಲು ಕಾಣುತ್ತಿತ್ತು ಅಷ್ಟೇ, ಕಾರಣ ಇರಲಿಲ್ಲ. ತಮಗೆ ಮೊದಲು ನೋಟಿಸ್ ಕೊಡಲಿಲ್ಲ, ತಮ್ಮ ಮಾತು ಕೇಳಲಿಲ್ಲ ಎಂದು ವಿಡಿಯೊಲ್ಯಾನ್ ಸಂಸ್ಥೆ ಹೇಳಿತು. ಅಕ್ಟೋಬರಿನಲ್ಲಿ ಇಂಟರ್ನೆಟ್ ಫ್ರೀಡಂ ಫೌಂಡೇಶನ್ ನೆರವಿನಿಂದ ಸರ್ಕಾರಕ್ಕೆ ಲೀಗಲ್ ನೋಟಿಸ್ ಕಳಿಸಿತು, ನವೆಂಬರಿನಲ್ಲಿ ನಿರ್ಬಂಧ ತೆರವಾಯಿತು. ಆ ಒಂಬತ್ತು ತಿಂಗಳು ನಮ್ಮ ಕಾಲೇಜು ಹುಡುಗರು ವಿಎಲ್‌ಸಿಯನ್ನು ಯಾವ್ಯಾವುದೋ ಸೈಟಿನಿಂದ ಇಳಿಸಿಕೊಳ್ಳುತ್ತಿದ್ದರು. ಸುರಕ್ಷತೆ ಕಾರಣವಾಗಿದ್ದರೆ, ಇದು ಯಾವ ಸೀಮೆ ಸುರಕ್ಷತೆ?

ಕ್ಲಿಪ್ ಎಲ್ಲವೂ ಸುಳ್ಳು ಅಂತ ನಾನು ಹೇಳುತ್ತಿಲ್ಲ. 2024ರ ಸೆಪ್ಟೆಂಬರಿನಲ್ಲಿ ಕರ್ನಾಟಕ ಹೈಕೋರ್ಟಿನ ನ್ಯಾಯಮೂರ್ತಿಯೊಬ್ಬರ ಮಾತುಗಳು ನೇರಪ್ರಸಾರದ ತುಣುಕುಗಳಲ್ಲೇ ಹೊರಬಿದ್ದವು. ಸುಪ್ರೀಂ ಕೋರ್ಟ್ ತಾನಾಗಿಯೇ ಪ್ರಕರಣ ಎತ್ತಿಕೊಂಡಿತು, ನ್ಯಾಯಮೂರ್ತಿ ವಿಷಾದ ವ್ಯಕ್ತಪಡಿಸಿದರು. ಆ ತುಣುಕುಗಳು ಇಲ್ಲದಿದ್ದರೆ ಅದು ಆ ಕೋರ್ಟ್ ಹಾಲಿನಲ್ಲೇ ಉಳಿಯುತ್ತಿತ್ತು.

ಕಳೆದ ಅಧಿವೇಶನದಲ್ಲಿ ಇನ್ನೊಂದು ಕ್ಲಿಪ್ ಬಂತು, 31 ಸೆಕೆಂಡು. ಈ ಸಲ ಬರೆಯುವ ಮೊದಲು ನನ್ನ ಪರಿವಿಡಿ ತೆರೆದು ಹದಿನೇಳು ಒತ್ತಿದೆ. ಅರ್ಧ ನಿಮಿಷ ಹಿಂದಿನಿಂದ ಕೇಳಿದೆ, ಎರಡು ನಿಮಿಷ ಮುಂದಕ್ಕೂ ಕೇಳಿದೆ. ಶಾಸಕರು ಅದನ್ನೇ ಹೇಳಿದ್ದರು. ಕ್ಲಿಪ್ ಮುಗಿದ ಮೇಲೆ ಅದಕ್ಕಿಂತ ಕೆಟ್ಟದ್ದನ್ನೂ ಹೇಳಿದ್ದರು. ಗಂಟೆ, ನಿಮಿಷ, ಸೆಕೆಂಡು ಹಾಕಿ ಎರಡನ್ನೂ ಬರೆದೆ.