ಹುಡುಗನ ಎಚ್‌ಐವಿ ವರದಿ: ಡಾಕ್ಟರು ಬೀಗರಿಗೆ ಹೇಳಬಹುದೇ?

ಪ್ರಶ್ನೆ: ಮದುವೆ ಗೊತ್ತಾದ ಹುಡುಗನಿಗೆ ಎಚ್‌ಐವಿ ಇದೆಯೆಂದು ಡಾಕ್ಟರಿಗೆ ತಿಳಿದರೆ, ಹುಡುಗಿಯ ಮನೆಯವರಿಗೆ ಹೇಳಬೇಡವೇ?
— ಓದುಗರೊಬ್ಬರು, ಮುಧೋಳ

ಉತ್ತರ: ನಿಮ್ಮ ಕಡೆ ಇದು ಬರೀ ಕುತೂಹಲದ ಪ್ರಶ್ನೆಯಲ್ಲ. 2000ರ ದಶಕದ ಆರಂಭದಲ್ಲಿ ಬಾಗಲಕೋಟೆ ಜಿಲ್ಲೆಯಲ್ಲಿ ಸೋಂಕು ರಾಜ್ಯದ ಸರಾಸರಿಗಿಂತ ಹೆಚ್ಚಿತ್ತು.

ರೋಗಿಯ ಗುಟ್ಟು ಕಾಯುವುದು ವೈದ್ಯರ ಹಳೆಯ ಧರ್ಮ. ಇನ್ನೊಬ್ಬರಿಗೆ ಕೇಡಾಗದಂತೆ ನೋಡಿಕೊಳ್ಳುವುದೂ ಅವರ ಧರ್ಮವೇ. ಎರಡೂ ಡಿಕ್ಕಿ ಹೊಡೆದ ಪ್ರಕರಣವೊಂದು 1998ರಲ್ಲಿ ಸುಪ್ರೀಂ ಕೋರ್ಟಿಗೆ ಬಂತು. ಆಸ್ಪತ್ರೆಯಿಂದ ವಿಷಯ ಹೊರಬಿದ್ದು ಮದುವೆ ಮುರಿದಿದ್ದ ವ್ಯಕ್ತಿ ಪರಿಹಾರ ಕೇಳಿದ್ದರು. ಹುಡುಗಿಯ ಆರೋಗ್ಯದ ಹಕ್ಕು ದೊಡ್ಡದೆಂದು ಕೋರ್ಟು ಅವರ ಮನವಿ ತಳ್ಳಿಹಾಕಿತು.

ಈಗ 2017ರ ಎಚ್‌ಐವಿ ಕಾಯ್ದೆ ಇದೆ, 2018ರ ಸೆಪ್ಟೆಂಬರ್‌ನಿಂದ ಜಾರಿಯಲ್ಲಿದೆ. ಅದರ ಪ್ರಕಾರ ರೋಗಿಯ ಒಪ್ಪಿಗೆಯಿಲ್ಲದೆ ವರದಿ ಬಯಲು ಮಾಡುವಂತಿಲ್ಲ. ಮನೆಯವರ ಪೈಕಿ ಗಂಡ ಅಥವಾ ಹೆಂಡತಿಯಂಥ ಸಂಗಾತಿಗೆ ಮಾತ್ರ ವಿನಾಯಿತಿ, ಅದಕ್ಕೂ ಮೆಟ್ಟಿಲುಗಳಿವೆ. ಸಂಗಾತಿಗೆ ಸೋಂಕು ತಗಲುವ ಗಣನೀಯ ಅಪಾಯವಿರಬೇಕು. ನೀವೇ ಹೇಳಿ ಎಂದು ರೋಗಿಗೆ ಆಪ್ತಸಮಾಲೋಚನೆ ನಡೆದಿರಬೇಕು. ಆತ ಹೇಳುವುದಿಲ್ಲ ಎಂದು ಖಾತ್ರಿಯಾದ ಮೇಲೆ, ನಾನು ಹೇಳುತ್ತೇನೆ ಎಂದು ಆತನಿಗೆ ತಿಳಿಸಿ, ಸಂಗಾತಿಗೆ ಮುಖತಃ ಮಾತ್ರ ಹೇಳಬಹುದು. ರೋಗಿ ಹೆಣ್ಣಾಗಿದ್ದು, ಗಂಡನ ಮನೆಯವರು ಹೊಡೆದಾರು, ಹೊರಹಾಕಿಯಾರು ಎಂಬ ಭಯವಿದ್ದರೆ ಡಾಕ್ಟರು ಗಂಡನಿಗೆ ಹೇಳುವಂತಿಲ್ಲ. ಇದು ನನಗೆ ಕಾಯ್ದೆಯ ಅತ್ಯಂತ ವಿವೇಕದ ಮಾತಾಗಿ ಕಾಣುತ್ತದೆ.

ಅಂದರೆ ಬೀಗರು, ದೊಡ್ಡಪ್ಪ, ಊರ ಹಿರಿಯರು ಕೇಳಿದರೆ ಡಾಕ್ಟರು ಬಾಯಿ ಬಿಡಬಾರದು. ಮೊದಲೇ ಹೇಳುವ ಹೊಣೆ ಹುಡುಗನದೇ. ಗೊತ್ತಾದ ಜೋಡಿ ಒಪ್ಪಿ, ಒಟ್ಟಿಗೆ ಸರಕಾರಿ ಆಸ್ಪತ್ರೆಯ ಐಸಿಟಿಸಿ (ಆಪ್ತಸಮಾಲೋಚನೆ ಮತ್ತು ಪರೀಕ್ಷಾ) ಕೇಂದ್ರದಲ್ಲಿ ಪರೀಕ್ಷೆ ಮಾಡಿಸಿಕೊಳ್ಳಲಿ. ಅಲ್ಲಿ ಪರೀಕ್ಷೆ ಉಚಿತ. ಮಾಹಿತಿಗೆ ಸಹಾಯವಾಣಿ 1097ಕ್ಕೆ ಕರೆ ಮಾಡಬಹುದು.